ಕಾಲಿಗೆ ಸಿಗುವ ಹೆಸರು

ಗಂಜಾಮಿನ ಒಂದು ಅತಿಥಿಗೃಹದ ಜಗಲಿಯಲ್ಲಿ ಹೊಸಹೊಳಲು ದೇವಸ್ಥಾನದ ಜಲವರ್ಣ ಚಿತ್ರವೊಂದಿದೆ. ಒಳ್ಳೆಯ ಕಟ್ಟು ಹಾಕಿಸಿ, ಮೇಲೊಂದು ಪುಟ್ಟ ದೀಪ ಬಿಟ್ಟು, ಗೌರವದಿಂದಲೇ ತೂಗುಹಾಕಿದ್ದಾರೆ. ಅದರಲ್ಲಿ ಆನೆಗಳ ಸಾಲಿದೆ, ಕುದುರೆಗಳ ಸಾಲಿದೆ, ಗೋಡೆಯ ಮೂಲೆಮೂಲೆಗೂ ಬೆಳಗಿನ ಬಿಸಿಲು ಬಿದ್ದಿದೆ. ಮೆಟ್ಟಿಲು ಮಾತ್ರ ಇಲ್ಲ. ದೇವಸ್ಥಾನ ನೆಲ ಬಿಟ್ಟು ಮೇಲೆದ್ದ ಹಾಗೆ ಕಾಣುತ್ತದೆ. ನೋಡಿದವರು "ಎಷ್ಟು ಹಗುರವಾಗಿ ಬಂದಿದೆ" ಎಂದು ಹೊಗಳುತ್ತಾರಂತೆ. ಹಗುರವಾಗದೆ ಏನು, ಕಾಲು ಕತ್ತರಿಸಿದರೆ ಯಾರಾದರೂ ಹಗುರವೇ ಆಗುತ್ತಾರೆ.

ಆ ಚಿತ್ರಕ್ಕೆ ಮೆಟ್ಟಿಲಿತ್ತು. ಬರೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಅದು ಎಲ್ಲಿ ಹೋಯಿತು ಎಂದು ಹೇಳಲು ಕೂತರೆ ಈಗಲೂ ಕೈ ನಡುಗುತ್ತದೆ. ಹುಟ್ಟಿದಾಗಿನಿಂದ ಹೆದರಿಕೆಗೆ ಕೈ ನಡುಗಿಸಿಕೊಂಡು ಬಂದವಳಿಗೆ ಸಿಟ್ಟಿಗೂ ಕೈ ನಡುಗುತ್ತದೆ ಎಂಬುದು ಐವತ್ತು ದಾಟಿದ ಮೇಲೆ ಗೊತ್ತಾಯಿತು. ಡಾಕ್ಟರು ಎರಡಕ್ಕೂ ಒಂದೇ ಮಾತ್ರೆ ಬರೆದುಕೊಟ್ಟಿದ್ದಾರೆ.

ನಾನು ಪಾಂಡವಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಮನೆ ಬಾಬುರಾಯನಕೊಪ್ಪಲಿನಲ್ಲಿ. ಭಾನುವಾರ ಬಂದರೆ ನಾವು ಮೂವರು ಸೇರಿ ಸುತ್ತಲಿನ ಹಳೆಯ ಗುಡಿ, ಕೋಟೆ, ಮಂಟಪಗಳ ಮುಂದೆ ಕೂತು ಚಿತ್ರ ಬರೆಯುತ್ತೇವೆ. ಒಬ್ಬರು ಕೆ.ಆರ್. ಪೇಟೆಯ ಮೇಷ್ಟ್ರು. ನನಗೆ ಬ್ರಷ್ ಹಿಡಿಯಲು ಕಲಿಸಿದವರು, ನಿವೃತ್ತರಾಗಿ ಬಹಳ ಕಾಲವಾಯಿತು. ಇನ್ನೊಬ್ಬ ನಾಗಮಂಗಲದ ಪೇಂಟರು. ಒಂದು ಕಾಲಕ್ಕೆ ಅಂಗಡಿ ಬೋರ್ಡು, ಬಸ್ಸಿನ ಹಣೆ, ಟ್ರಾಕ್ಟರಿನ ಬೆನ್ನು ಎಲ್ಲವನ್ನೂ ಬರೆಯುತ್ತಿದ್ದ. ಈಗ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡು, ಫ್ಲೆಕ್ಸನ್ನು ಬೈದುಕೊಂಡೇ ಮಾರುತ್ತಾನೆ. ನನ್ನನ್ನು ಅಕ್ಕ ಎನ್ನುತ್ತಾನೆ.

ನನ್ನ ಚೀಲದಲ್ಲಿ ಬಣ್ಣಕ್ಕಿಂತ ಮುನ್ನೆಚ್ಚರಿಕೆಯೇ ಹೆಚ್ಚು. ಕೊಡೆ, ಓಆರ್‌ಎಸ್ ಪುಡಿ, ಗೋಪುರದ ಹೆಜ್ಜೇನು ಎದ್ದರೆ ಹೊದೆಯಲು ದುಪ್ಪಟಿ, ನಾಯಿ ಬಂದರೆ ಹಾಕಲು ಬಿಸ್ಕತ್ತು. ಒಮ್ಮೆ ಮೇಲುಕೋಟೆಯಲ್ಲಿ ಕೋತಿಯೊಂದು ನನ್ನ ಬ್ರಷ್ ತೊಳೆದ ನೀಲಿ ನೀರನ್ನು ಕುಡಿದುಬಿಟ್ಟಿತು. ಇಡೀ ಮಧ್ಯಾಹ್ನ ನಾನು ಚಿತ್ರ ಬಿಟ್ಟು ಅದರ ಹಿಂದೆ ಅಲೆದೆ, ಎಲ್ಲಾದರೂ ಬಿದ್ದು ಸತ್ತರೆ ಆಂಜನೇಯನಿಗೆ ಏನು ಹೇಳಲಿ ಎಂದು. ಅದು ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಯಾರದೋ ಪುಳಿಯೋಗರೆ ತಿನ್ನುತ್ತಿತ್ತು.

ನಾವು ಕೂತಲ್ಲಿಗೆ ಜನ ಬಂದೇ ಬರುತ್ತಾರೆ. ಅರಕೆರೆಯ ಹತ್ತಿರ ಒಂದು ಪಾಳು ಮಂಟಪ ಬರೆಯುವಾಗ, ಗದ್ದೆಯಿಂದ ಬಂದವರೊಬ್ಬರು ಕೈಕಟ್ಟಿಕೊಂಡು ನಿಂತು ಕೇಳಿದರು, "ಏನಕ್ಕ, ಸರ್ವೆಗೆ ಬಂದಿದ್ದೀರಾ? ರೋಡು ಎಲ್ಲೀಗಂಟ ಬತ್ತದೆ?" ಚಿತ್ರ ಬರೆಯುತ್ತಿದ್ದೇವೆ ಎಂದರೆ ನಂಬಲಿಲ್ಲ. ಇನ್ನೊಬ್ಬ ಯುವಕ ಬೈಕಿನಿಂದ ಇಳಿಯದೆಯೇ ಮೇಷ್ಟ್ರಿಗೆ ಬುದ್ಧಿ ಹೇಳಿದ, "ಮೊಬೈಲಲ್ಲಿ ಒಂದ್ ಫೋಟೋ ಹೊಡ್ಕಂಡ್ರೆ ಆಗಕಿಲ್ವಾ ತಾತ, ಬಿಸ್ಲಲ್ಲಿ ಯಾಕ್ ಕುಂತಿದ್ದೀರಿ?"

ಮೇಷ್ಟ್ರು ಕಾಗದದಿಂದ ಕಣ್ಣು ತೆಗೆಯಲಿಲ್ಲ. "ನಿಮ್ಮವ್ವ ಮುದ್ದೆ ಇಕ್ದಾಗ ಫೋಟೋ ಹೊಡ್ಕಂಡು ಎದ್ದೋಯ್ತೀಯೇನ್ಲಾ?"

ಮೇಷ್ಟ್ರ ವಿಷಯದಲ್ಲಿ ಒಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆಯ ಹಳೆಯ ದೇವಸ್ಥಾನಗಳಲ್ಲಿ ಹೊಸಿಲ ಹತ್ತಿರ ನೆಲಗಲ್ಲನ್ನು ನೋಡಿದರೆ, ಕೆಲವು ಕಡೆ, ಕೈಮುಗಿದು ಉದ್ದಂಡ ಮಲಗಿದ ಮನುಷ್ಯನ ಕೆತ್ತನೆ ಇರುತ್ತದೆ. ಪಕ್ಕದಲ್ಲಿ ಹೆಸರು. ಗುಡಿಗೆ ಏನೋ ಮಾಡಿಸಿಕೊಟ್ಟ ಭಕ್ತ, ತನ್ನ ಹೆಸರು ಗೋಡೆಯ ಮೇಲೆ ಬೇಡ, ಬಂದವರ ಪಾದದ ಧೂಳು ಬೀಳುವ ಕಡೆ ಇರಲಿ ಎಂದು ಕೆತ್ತಿಸಿಕೊಂಡದ್ದು. ಮೇಷ್ಟ್ರು ಮಗುವಾಗಿದ್ದಾಗ ಅಂಥ ಕಲ್ಲನ್ನು ದಾಟಿ ಹಾರಿದರಂತೆ. ಅವರ ಅಜ್ಜಿ ಕೈ ಹಿಡಿದು ಹಿಂದಕ್ಕೆ ಕರೆದು, "ತುಳಿ ಮಗ, ಅವ್ನು ಅದ್ಕೇ ಮನಗವ್ನೆ" ಅಂದರಂತೆ. ಅವತ್ತಿನಿಂದ ಅವರಿಗೆ ಅದು ಹಿಡಿದುಕೊಂಡಿತು. ಯಾವ ಗುಡಿಯ ಚಿತ್ರ ಬರೆದರೂ ತಮ್ಮ ಹೆಸರನ್ನು ಎಲ್ಲರ ಹಾಗೆ ಬಲಮೂಲೆಯಲ್ಲಿ ಬರೆಯುವುದಿಲ್ಲ. ಚಿತ್ರದೊಳಗಿನ ಕಟ್ಟಕಡೆಯ ಮೆಟ್ಟಿಲ ಮೇಲೆ, ಕಲ್ಲಿನದೇ ಬಣ್ಣವನ್ನು ಒಂದಿಷ್ಟು ಗಾಢ ಮಾಡಿ, ಕೆತ್ತಿದಂತೆ ಕಾಣುವ ಅಕ್ಷರದಲ್ಲಿ ಬರೆಯುತ್ತಾರೆ. ಹತ್ತಿರ ಹೋಗಿ ನೋಡದಿದ್ದರೆ ಸಿಗದು.

ಹಾಗೆಂದು ಅವರು ಸಂತರಲ್ಲ. ಯಾರ ಕೈಗೆ ಚಿತ್ರ ಕೊಟ್ಟರೂ, ಅವರು ಹೆಸರು ಹುಡುಕಿ ಓದುವ ತನಕ ಬಿಡುವುದಿಲ್ಲ. "ಎಲ್ಲದೆ ಏಳು ನೋಡನ" ಎಂದು ಕಾಯುತ್ತಾರೆ. ಅವರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಕಾಫಿ ಲೋಟ ತಂದಿಡುತ್ತಾ ಹೇಳುವುದು ಯಾವಾಗಲೂ ಒಂದೇ: "ಕಾಲ್ ದೂಳು ಬೀಳ್ಲಿ ಅಂತ ಬರ್ಕತಾರೆ. ಆಮೇಕೆ ತಾವೇ ಕನ್ನಡ್ಕ ವರ್ಸ್ಕೊಟ್ಟು ಕಂಡೋರ್ಗೆಲ್ಲ ತೋರುಸ್ತಾರೆ."

ಹೆಸರಿಗಾಗಿ ಮುಂದೆ ಅಷ್ಟೆಲ್ಲ ಕೂಗಾಡಲಿರುವವಳು ಇಲ್ಲಿ ಅವರ ಹೆಸರನ್ನೇಕೆ ಬರೆಯಲಿಲ್ಲ ಎಂದು ನೀವು ಕೇಳುತ್ತೀರಿ. ನಾನೂ ಬರೆಯಲು ಹೊರಟಿದ್ದೆ. ಫೋನು ಮಾಡಿ ಕೇಳಿದರೆ ಬೇಡವೆಂದರು. "ಪುಸ್ತಕ್ದಾಗೆ ಬ್ಯಾಡ ಕಣವ್ವ. ಪುಸ್ತಕಕ್ಕೆ ಕಾಲು ತಗುಲುದ್ರೆ ಜನ ಕಣ್ಗೊತ್ಕತಾರೆ. ನಂಗೇನು ಬಂತು?"

ಹೊಸಹೊಳಲಿನ ಚಿತ್ರ ಬರೆಯುವ ಹೊತ್ತಿಗೆ ಮೇಷ್ಟ್ರ ಕೈ ಅದುರಲು ಶುರುವಾಗಿತ್ತು. ಗೋಡೆ, ಕಂಬ, ನೆರಳು ಇವನ್ನೆಲ್ಲ ಅದುರುವ ಕೈಯೂ ಹೇಗೋ ಒಪ್ಪಿಸಿಬಿಡುತ್ತದೆ. ಅಕ್ಷರ ಒಪ್ಪುವುದಿಲ್ಲ. ಮೆಟ್ಟಿಲಿನ ಹೆಸರಿಗೆ ಅವರು ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದುಕೊಂಡು, ಒಂದೊಂದು ಅಕ್ಷರಕ್ಕೂ ಉಸಿರು ಕಟ್ಟಿ, ಬಿಸಿಲು ನೆತ್ತಿಗೆ ಬರುವವರೆಗೂ ಕೂತರು. ನಾನು ಪಕ್ಕದಲ್ಲಿ ಅವರ ಮೇಲೆ ಕೊಡೆ ಹಿಡಿದು, ಇವರಿಗೆ ತಲೆ ಸುತ್ತಿದರೆ ಹತ್ತಿರದ ಆಸ್ಪತ್ರೆ ಯಾವುದು ಎಂದು ಲೆಕ್ಕ ಹಾಕುತ್ತಿದ್ದೆ. ಮುಗಿಸಿ ಬ್ರಷ್ ತೊಳೆದರು. "ಇದೇ ಕೊನೇದು. ಇನ್ಮೇಲೆ ಬಣ್ಣ ಬಳೀಬೋದು, ಎಸ್ರು ಬರಿಯಕಾಗಕಿಲ್ಲ" ಅಂದರು. ಪೇಂಟರು ಎದ್ದು ಹೋಗಿ ಎಲ್ಲರಿಗೂ ಎಳನೀರು ತಂದ.

ಅದೇ ಸಮಯಕ್ಕೆ ಗಂಜಾಮಿನ ಅತಿಥಿಗೃಹದವರು ನಮ್ಮನ್ನು ಹುಡುಕಿಕೊಂಡು ಬಂದದ್ದು. ಹೊಳೆ ಕಡೆಗೆ ಮುಖ ಮಾಡಿದ ಹಳೆಯ ಬಂಗಲೆಯೊಂದನ್ನು ಯಾರೋ ಕೊಂಡು, ರಿಪೇರಿ ಮಾಡಿಸಿ, ಬೆಂಗಳೂರಿನವರು ಬಂದು ಉಳಿಯುವ ಜಾಗ ಮಾಡಿದ್ದರು. ಗೋಡೆಗಳಿಗೆ ಚಿತ್ರ ಬೇಕಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ಕಡೆಯ ಸ್ಮಾರಕಗಳು, ಇಲ್ಲಿಯವರೇ ಬರೆದವು ಬೇಕು ಎಂದು ಕೇಳಿದರು. ಪ್ರದರ್ಶನದ ಉಸ್ತುವಾರಿಗೆ ಬೆಂಗಳೂರಿನಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದ್ದರು. ಬಹಳ ಒಳ್ಳೆಯ ಹುಡುಗಿ. ನಮಗೆ ಕಾಫಿಗೆ ಸಕ್ಕರೆ ಎಷ್ಟು ಎಂದು ಎರಡನೇ ಸಲ ಕೇಳಲಿಲ್ಲ, ನೆನಪಿಟ್ಟುಕೊಂಡಿದ್ದಳು. ಇದನ್ನು ಏಕೆ ಹೇಳುತ್ತೇನೆಂದರೆ, ಕೆಟ್ಟವರಾಗಿದ್ದರೆ ಬೈದು ಮುಗಿಸಿಬಿಡಬಹುದಿತ್ತು.

ನಾನು ತೊಣ್ಣೂರಿನ ಗುಡಿಯನ್ನೂ ಗುಂಬಜನ್ನೂ ಕೊಟ್ಟೆ. ಪೇಂಟರು ನಾಗಮಂಗಲದ ಸೌಮ್ಯಕೇಶವನ ಗೋಪುರವನ್ನು ಕೊಟ್ಟ. ಮೇಷ್ಟ್ರು ಹೊಸಹೊಳಲನ್ನು ಕೊಟ್ಟರು. ಕೊಡಲು ಮನಸ್ಸಿರಲಿಲ್ಲ. ಆದರೆ ದಿನಾ ನೂರಾರು ಜನ ಓಡಾಡುವ ಜಗಲಿಯಲ್ಲಿ ಹಾಕುತ್ತೇವೆ ಎಂದು ಆ ಹುಡುಗಿ ಹೇಳಿದ ಮೇಲೆ ಕರಗಿದರು. ಮನೆಯ ಗೋಡೆಯಲ್ಲಿದ್ದರೆ ಯಾರು ಓದುತ್ತಾರೆ, ಅಮ್ಮನೊಬ್ಬರು. ಅಮ್ಮನಿಗೆ ಬಾಯಿಪಾಠವಾಗಿದೆ.

ಉದ್ಘಾಟನೆಯ ದಿನ ಮೇಷ್ಟ್ರು ಕೆ.ಆರ್. ಪೇಟೆಯಿಂದ ನೆಂಟರಿಷ್ಟರನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಬಂದರು. ದಾರಿಯುದ್ದಕ್ಕೂ "ಎಸ್ರು ಎಲ್ಲದೆ ಅಂತ ನಾನ್ ಏಳಕಿಲ್ಲ, ನೀವೇ ಉಡುಕ್ಬೇಕು" ಎಂದು ಅವರಿಗೆಲ್ಲ ತಾಕೀತು ಮಾಡಿದ್ದರಂತೆ. ಜಗಲಿಗೆ ಬಂದವರೇ ಎಲ್ಲರೂ ಚಿತ್ರದ ಮುಂದೆ ಬಗ್ಗಿ ನಿಂತರು. ಒಬ್ಬರು ಆನೆಗಳ ನಡುವೆ ಹುಡುಕಿದರು, ಒಬ್ಬರು ಕಂಬದ ನೆರಳಿನಲ್ಲಿ. ಅಮ್ಮ ಮಾತ್ರ ನೇರ ಕೆಳಗೆ ನೋಡಿ, ಆಮೇಲೆ ಗಂಡನ ಮುಖ ನೋಡಿದರು.

"ಮೆಟ್ಲೇ ಇಲ್ವಲ್ಲ" ಅಂದರು.

ನಾನು ಅಷ್ಟರಲ್ಲಿ ಪಕ್ಕದ ಚೀಟಿ ಓದುತ್ತಿದ್ದೆ. ಒಂದೊಂದು ಚಿತ್ರದ ಪಕ್ಕಕ್ಕೂ ಒಂದು ದಪ್ಪ ರಟ್ಟಿನ ಚೀಟಿ ಅಂಟಿಸಿದ್ದರು. ಜಗಲಿಯ ಆ ಗೋಡೆಗೆ, ಹಳೆಯ ಕಾಲದ ವಿದೇಶಿಯರು ಬರೆದ ಶ್ರೀರಂಗಪಟ್ಟಣದ ಕೋಟೆಯ ಚಿತ್ರಗಳ ಪ್ರತಿ ಹಾಕಿದ್ದರು. ಅವುಗಳ ಚೀಟಿಯಲ್ಲಿ ಬರೆದವನ ಹೆಸರು, ಅಪ್ಪನ ಮನೆತನ, ಅವನ ಹುದ್ದೆ, ಅವನ ದಂಡು, ಹುಟ್ಟಿದ ಊರು, ಸತ್ತ ಊರು, ಎಲ್ಲವೂ ಇತ್ತು. ಹೆಂಡತಿಯ ಹೆಸರೊಂದು ಬಿಟ್ಟುಹೋಗಿತ್ತು. ಈ ಗೋಡೆಗೆ ನಮ್ಮವು. ನಾಲ್ಕಕ್ಕೂ ಒಂದೇ ಸಾಲು: "ಕಾಗದದ ಮೇಲೆ ಜಲವರ್ಣ. ಸ್ಥಳೀಯ ಕಲಾವಿದ." ನಾನು ಕಲಾವಿದೆಯೂ ಆಗಲಿಲ್ಲ. ಎದುರಿಗೆ ಬದುಕಿ ನಿಂತಿದ್ದೇವೆ, ಟೆಂಪೋ ಮಾಡಿಕೊಂಡು ಬಂದಿದ್ದೇವೆ, ಅವರೇ ಕೊಟ್ಟ ಪಾನಕದ ಲೋಟ ಕೈಯಲ್ಲಿದೆ, ನಮ್ಮ ಫೋನ್ ನಂಬರು ಅವರ ಹತ್ತಿರವಿದೆ. ಆದರೂ ನಾವು ಯಾರೆಂದು ಚರಿತ್ರೆಗೆ ತಿಳಿದುಬಂದಿಲ್ಲ.

ಆ ಹುಡುಗಿಯನ್ನು ಕರೆದೆ. "ನಮ್ಮ ಹೆಸರು ಬಿಟ್ಟುಹೋದ ಹಾಗಿದೆ" ಅಂದೆ. ಅದು ನನ್ನ ಹಣೆಬರಹ. ಬೇರೆಯವರು ಬಿಟ್ಟದ್ದನ್ನೂ ಅದಾಗಿಯೇ ಬಿಟ್ಟುಹೋಯಿತು ಎಂದು ಅವರ ಪರವಾಗಿ ನಾನೇ ಹೇಳಿಕೊಡುವುದು.

ಅವಳು ನಕ್ಕಳು. "ಬಿಟ್ಟುಹೋಗಿಲ್ಲ ಮ್ಯಾಮ್, ಅದೇ ಕಾನ್ಸೆಪ್ಟ್. ಆಗಿನ ಕಾಲದಲ್ಲಿ ಬ್ರಿಟಿಷರಿಗೆ ಚಿತ್ರ ಬರೆದುಕೊಟ್ಟ ನಮ್ಮ ಕಲಾವಿದರು ಯಾರೂ ಹೆಸರು ಹಾಕ್ತಾ ಇರಲಿಲ್ಲ ಅಲ್ವಾ? ನೀವು ಆ ಪರಂಪರೆಯವರು. ಅಹಂ ಇಲ್ಲದ ಕಲೆ."

"ಅವರು ಹಾಕಲಿಲ್ಲವೋ, ಬರೆಸಿಕೊಂಡವರು ಕೇಳಲಿಲ್ಲವೋ?" ಅಂದೆ. ದನಿ ಏರಿತ್ತು. ನನ್ನ ದನಿ ಏರಿದ್ದು ಕೇಳಿ ನನಗೇ ಗಾಬರಿಯಾಯಿತು. "ಕೆ.ಆರ್. ಪೇಟೆ ಹತ್ತಿರವೇ ಗೋವಿಂದನಹಳ್ಳಿ ಇದೆ. ಹೋಗಿ ನೋಡಮ್ಮ. ದ್ವಾರಪಾಲಕರ ಪೀಠದಲ್ಲಿ ಶಿಲ್ಪಿ ತನ್ನ ಹೆಸರು ಕೆತ್ತಿದ್ದಾನೆ. ಹೊಯ್ಸಳರ ಕಾಲದವನಿಗೆ ಹೆಸರಿತ್ತು, ನಮಗಿಲ್ಲ."

"ಹೌದಾ? ಎಷ್ಟು ಚೆನ್ನಾಗಿದೆ. ಮೊದಲೇ ಹೇಳಿದ್ದಿದ್ರೆ ಬ್ರೋಷರಿಗೆ ಹಾಕಬಹುದಿತ್ತು."

ಇದಕ್ಕೆ ಏನು ಹೇಳುವುದು? ಅಷ್ಟರಲ್ಲಿ ಮೇಷ್ಟ್ರು ಹತ್ತಿರ ಬಂದರು. ಚೀಟಿಯ ಕಡೆ ಅವರ ಗಮನವೇ ಇರಲಿಲ್ಲ.

"ಅದೆಲ್ಲ ಇರ್ಲಿ ಬುಡವ್ವ" ಅಂದರು ಹುಡುಗಿಗೆ. "ನನ್ ಮೆಟ್ಲು ಎಲ್ಲೋದೋ?"

"ಅಂಕಲ್, ಫ್ರೇಮೆಲ್ಲ ಒಂದೇ ಸೈಜು ಬೇಕಿತ್ತು. ನಿಮ್ಮದು ಸ್ವಲ್ಪ ಉದ್ದ ಇತ್ತು. ಕೆಳಗಡೆ ಖಾಲಿ ಜಾಗ ಇತ್ತಲ್ಲ, ಅಷ್ಟೇ ಅಡ್ಜಸ್ಟ್ ಮಾಡಿದ್ದಾರೆ."

ಮೇಷ್ಟ್ರು "ಖಾಲಿ ಜಾಗ" ಎಂಬುದನ್ನು ಮತ್ತೊಮ್ಮೆ ತಾವೇ ಹೇಳಿನೋಡಿದರು, ಯಾವ ಊರು ಅದು ಎನ್ನುವವರ ಹಾಗೆ.

ಮೇಲಿನ ರಟ್ಟು ಮುಚ್ಚಿರಬಹುದು, ಒಳಗೆ ಕಾಗದ ಪೂರ್ತಿ ಇರಬಹುದು ಎಂದು ನಾನು ಹೇಳಿದೆ. ಚಿಂತೆ ಮಾಡುವವರಿಗೆ ಇರುವ ಒಂದೇ ಸುಖವೆಂದರೆ ಇಂಥ ಆಸೆ. ಪೇಂಟರು ಯಾರನ್ನೂ ಕೇಳದೆ ಚಿತ್ರವನ್ನು ಗೋಡೆಯಿಂದ ಇಳಿಸಿ, ಊಟದ ಮೇಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ಮೊಳೆ ಬಿಡಿಸತೊಡಗಿದ. ಬೆಂಗಳೂರಿನ ಅತಿಥಿಗಳು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಸುತ್ತ ನಿಂತು ವಿಡಿಯೋ ಮಾಡಿದರು. ಹಲಗೆ ತೆಗೆದ. ಕಾಗದ ಎತ್ತಿದ. ಕೆಳಗಿನ ಅಂಚನ್ನು ಬೆರಳಿನಿಂದ ಸವರಿ ನೋಡಿದ.

"ಕುಯ್ದವ್ರೆ ಕಣಕ್ಕ. ಬ್ಲೇಡಲ್ಲಿ. ನೀಟಾಗಿ ಕುಯ್ದವ್ರೆ."

ಕಟ್ಟು ಹಾಕಿದ ಅಂಗಡಿ ಮೈಸೂರಿನದು. ಹುಡುಗಿ ಪಾಪ, ಅಲ್ಲೇ ಫೋನು ಮಾಡಿ ಕೇಳಿದಳು. ಕತ್ತರಿಸಿದ ತುಂಡು ಅವತ್ತೇ ಕಸಕ್ಕೆ ಹೋಗಿತ್ತು. ಅಂಗಡಿಯವನಿಗೆ ಅದರಲ್ಲಿ ಅಕ್ಷರವಿತ್ತೆಂಬುದೇ ತಿಳಿದಿರಲಿಲ್ಲ. ಮೇಷ್ಟ್ರು ಅಷ್ಟು ಚೆನ್ನಾಗಿ ಕಲ್ಲಿನೊಳಗೆ ಸೇರಿಸಿದ್ದರು. ಚೆನ್ನಾಗಿ ಮಾಡಿದ್ದಕ್ಕೆ ಈ ಶಿಕ್ಷೆ. ನನ್ನ ಹಾಗೆ ಮೂಲೆಯಲ್ಲಿ ಕೆಂಪು ಬಣ್ಣದಲ್ಲಿ ಗೀಚಿದ್ದರೆ ಉಳಿಯುತ್ತಿತ್ತು. ನನ್ನದು ಉಳಿದಿದೆ, ಹಾಳಾದ್ದು, ರಟ್ಟಿನಡಿ ಅರ್ಧ ಇಣುಕುತ್ತಿದೆ.

ಹುಡುಗಿ "ಸಾರಿ ಅಂಕಲ್, ಮೇಲೆ ಆಕಾಶದಲ್ಲಿ ಜಾಗ ಇದೆ, ಅಲ್ಲಿ ಸೈನ್ ಮಾಡಿಬಿಡಿ" ಎಂದು ಪೆನ್ನು ಕೊಟ್ಟಳು. ದೇವರ ತಲೆಯ ಮೇಲೆ. ಮೇಷ್ಟ್ರು ಪೆನ್ನನ್ನು ವಾಪಸು ಅವಳ ಕೈಯಲ್ಲಿಟ್ಟು, ಹೋಗಿ ಜಗಲಿಯ ಬೆಂಚಿನ ಮೇಲೆ ಕೂತರು. ನೆಂಟರು ಒಬ್ಬೊಬ್ಬರೇ ಟೆಂಪೋ ಕಡೆ ಜಾರಿದರು. "ಮೇಷ್ಟ್ರದು ಅಂದ್ರಲ್ಲ, ಎಸ್ರೇ ಇಲ್ವಲ್ಲ" ಎಂದು ಯಾರೋ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಆ ಮಾತಿಗೆ ಅವರ ಕತ್ತು ಇಳಿದದ್ದನ್ನು ನಾನು ನೋಡಿದೆ. ಇನ್ನೊಂದು ಚಿತ್ರ ಬರೆದು ಹೆಸರು ಹಾಕುತ್ತೇನೆ ಎಂದು ಹೇಳುವ ಕೈ ಅವರಿಗಿರಲಿಲ್ಲ.

ನಾನು ನೆಟ್ಟಗೆ ಸ್ವಾಗತದ ಮೇಜಿಗೆ ಹೋಗಿ ದಪ್ಪ ಮಾರ್ಕರು ತೆಗೆದುಕೊಂಡು ಬಂದೆ. ಚೀಟಿಯ "ಸ್ಥಳೀಯ ಕಲಾವಿದ" ಎಂಬುದರ ಮೇಲೆ ಗೀಟು ಎಳೆದೆ. ಉತ್ತರ ಪತ್ರಿಕೆಯ ತಪ್ಪಿನ ಮೇಲೂ ಪೆನ್ಸಿಲಿನಲ್ಲಿ ಎಳೆಯುವವಳು ನಾನು. ಮೇಷ್ಟ್ರ ಹೆಸರು ಬರೆಯಲು ಮಾರ್ಕರು ಇಟ್ಟೆ, ಅಷ್ಟೇ.

"ಬ್ಯಾಡ ಕಣವ್ವ" ಅಂದರು ಬೆಂಚಿನಿಂದ. "ಎದೆಮಟ್ಟಕ್ಕೆ ಬರೀಬ್ಯಾಡ. ಬರುದ್ರೆ ನಾನ್ ಇಲ್ಲಿಗೆ ಬರದೇ ಇಲ್ಲ."

ನನಗೆ ಅವರ ಮೇಲೂ ಸಿಟ್ಟು ಬಂತು. "ಮತ್ತೆಲ್ಲಿ ಬರೀಲಿ ಮೇಷ್ಟ್ರೇ? ಮೆಟ್ಟಿಲು ಕಸಕ್ಕೆ ಹೋಯ್ತಲ್ಲ."

ಪೇಂಟರು ಚಿತ್ರವನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತಿದ್ದ. ಸಿಕ್ಕಿಸಿ, ಸೊಟ್ಟಗಿದೆಯೇ ಎಂದು ಹಿಂದೆ ಸರಿದು ನೋಡಿದ. ಆಮೇಲೆ ತಾನು ನಿಂತಿದ್ದ ನೆಲ ನೋಡಿಕೊಂಡ. ಹಳೆಯ ಕಾಲದ ಕೆಂಪು ನೆಲ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಚಿತ್ರ ನೋಡಬೇಕಾದವರು ಅಲ್ಲೇ ನಿಲ್ಲಬೇಕು.

"ಮೇಷ್ಟ್ರೇ, ಇಲ್ಲಾದ್ರೆ?" ಅಂದ.

ಮೇಷ್ಟ್ರು ತಲೆ ಎತ್ತಿದರು. ನೆಲ ನೋಡಿದರು. ಅಲ್ಲೇ ಒಬ್ಬ ಅತಿಥಿ ಬೂಟುಕಾಲಿನಲ್ಲಿ ಹಾದುಹೋದ. "ಆಯ್ತದೆ" ಅಂದರು.

ಪೇಂಟರ ಸ್ಕೂಟರಿನ ಡಿಕ್ಕಿಯಲ್ಲಿ ಬಿಳಿ ಎನಾಮೆಲ್ಲಿನ ಡಬ್ಬಿಯೂ ಅಕ್ಷರ ಬರೆಯುವ ಬ್ರಷ್ಷೂ ಯಾವಾಗಲೂ ಇರುತ್ತವೆ. ಬೋರ್ಡು ಬರೆಸುವವರಿಲ್ಲ, ಬಿಸಾಕಲು ಅವನಿಗೆ ಮನಸ್ಸಿಲ್ಲ. ತಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನನ್ನ ಮುಖ ನೋಡಿದ. "ಬರೀಲಾ ಅಕ್ಕ? ಗೌರ್ಮೆಂಟ್ ನೌಕರಿ ನಿಂದು. ಕಂಪ್ಲೇಂಟ್ ಆದ್ರೆ ನನ್ ಫ್ಲೆಕ್ಸಂತೂ ಯಾರೂ ಕಿತ್ಕೊಳಕಿಲ್ಲ."

ಸಸ್ಪೆಂಡು, ಪಿಂಚಣಿ, ಪೊಲೀಸು, ಪೇಪರಿನಲ್ಲಿ ಫೋಟೋ, ಎಲ್ಲವೂ ಒಂದೇ ಉಸಿರಿನಲ್ಲಿ ತಲೆಗೆ ಬಂದವು. ನೆಲ ಒಣಗುವ ಮೊದಲೇ ಯಾರಾದರೂ ಜಾರಿ ಸೊಂಟ ಮುರಿದುಕೊಂಡರೆ ಎಂಬುದೂ ಬಂತು. "ಬರಿ ತಮ್ಮ" ಅಂದೆ.

ಅವನು ಬರೆದ. ಗೆರೆ ಎಳೆಯದೆ, ಅಳತೆ ಹಿಡಿಯದೆ, ಹಳೆಯ ಬಸ್ಸಿನ ಹಣೆಯ ಮೇಲಿರುತ್ತಿದ್ದಂಥ ದುಂಡು ಅಕ್ಷರಗಳು. ಮೇಷ್ಟ್ರ ಪೂರ್ತಿ ಹೆಸರು, ಕೆಳಗೆ ಕೆ.ಆರ್. ಪೇಟೆ ಎಂದು ಊರು. ಟೆಂಪೋ ಹತ್ತಿದ್ದ ನೆಂಟರು ಇಳಿದು ಬಂದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. "ಒತ್ತು ಅಗಲ ಆಯ್ತು ಕಣ್ಲಾ" ಎಂದು ಮೇಷ್ಟ್ರು ಬೆಂಚಿನಿಂದಲೇ ತಿದ್ದಿದರು. ಪೇಂಟರು ತಲೆ ಎತ್ತದೆ, "ನೀವು ಸುಮ್ಕಿರಿ, ನೀವು ಮನಗಿದ್ದೀರಿ" ಅಂದ.

ಆ ಹುಡುಗಿ ಒಳಗಿನಿಂದ ಬಂದಳು. ನಿಂತಳು. "ಮ್ಯಾಮ್, ಇದು ಹೆರಿಟೇಜ್ ಫ್ಲೋರು. ಯಾರು ಇದನ್ನ ಮಾಡಿದ್ದು?"

"ಸ್ಥಳೀಯ ಕಲಾವಿದರು" ಅಂದೆ.

ಅವಳು ಯಾರಿಗೋ ಫೋನು ಮಾಡುತ್ತಾ ಒಳಗೆ ಹೋದಳು. ಬಣ್ಣ ಒಣಗುವವರೆಗೆ ಸುತ್ತ ನಾಲ್ಕು ಕುರ್ಚಿ ಅಡ್ಡ ಇಟ್ಟೆವು. ಆಮೇಲೆ ತೆಗೆದೆವು. ಯಾರು ಮೊದಲು ತುಳಿಯುತ್ತಾರೆ ಎಂದು ಮೇಷ್ಟ್ರು ಕಾಯುತ್ತಿದ್ದರು. ನಾವು ಯಾರೂ ತುಳಿಯಲಿಲ್ಲ. ಅಮ್ಮ ಸುತ್ತು ಹಾಕಿ ಬಂದರು. ಕೊನೆಗೆ ಫೋನಿನಲ್ಲಿ ಮಾತಾಡುತ್ತಾ ಬಂದ ಒಬ್ಬ ದಪ್ಪ ಮನುಷ್ಯ, ಚಿತ್ರವನ್ನೂ ನೋಡದೆ ನೆಲವನ್ನೂ ನೋಡದೆ, ಹೆಸರಿನ ನಟ್ಟನಡುವೆ ನಿಂತು ಯಾರಿಗೋ ಸೈಟಿನ ವಿಷಯ ಹೇಳತೊಡಗಿದ. ಮೇಷ್ಟ್ರ ಮುಖ ನೋಡಬೇಕಿತ್ತು.

ಕಂಪ್ಲೇಂಟು ಆಗಲಿಲ್ಲ. ನಾನು ತಿಂಗಳುಗಟ್ಟಲೆ ಅಂಚೆಯವನನ್ನು ಕಂಡರೆ ಬೆಚ್ಚುತ್ತಿದ್ದೆ, ಅಷ್ಟೇ. ಅವರು ನೆಲ ಉಜ್ಜಿಸಲೂ ಇಲ್ಲ. ಉಜ್ಜಿದರೆ ಕೆಂಪು ಹೋಗುತ್ತದಲ್ಲ. ಅದಕ್ಕಿಂತ ಸಭ್ಯವಾದ ದಾರಿ ಕಂಡುಕೊಂಡರು. ಹೆಸರಿನ ಮೇಲೆ ಒಂದು ತೆಂಗಿನನಾರಿನ ಮ್ಯಾಟು ಹಾಸಿದರು. ಚೀಟಿಯನ್ನೂ ಹೊಸದಾಗಿ ಮುದ್ರಿಸಿ ಅಂಟಿಸಿದ್ದಾರೆ. ಅದೇ "ಸ್ಥಳೀಯ ಕಲಾವಿದ". ಕಾಗದ ಮಾತ್ರ ಹಿಂದಿನದಕ್ಕಿಂತ ಒಳ್ಳೆಯದು.

ಹಾಗಾಗಿ ನಾನೀಗ ವಾರಕ್ಕೊಮ್ಮೆ ನಿಮಿಷಾಂಬೆಯ ದರ್ಶನ ಮುಗಿಸಿ ಅತಿಥಿಗೃಹಕ್ಕೆ ಹೋಗುತ್ತೇನೆ. ಬೇಡದ ಕಾಫಿಯೊಂದನ್ನು ಹೇಳಿ ಜಗಲಿಯಲ್ಲಿ ಕೂರುತ್ತೇನೆ. ಕಾವಲುಗಾರ "ಮತ್ತೆ ಬಂದ್ರಾ ಟೀಚರಮ್ಮ" ಎಂದು ಗೇಟು ತೆರೆದು ಬೇರೆ ಕಡೆ ನೋಡುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಮೇಷ್ಟ್ರ ಫೋನು ಬರುತ್ತದೆ.

"ತುಳೀತಾವ್ರೇನವ್ವ?"

"ತುಳೀತಿದಾರೆ ಮೇಷ್ಟ್ರೇ" ಎನ್ನುತ್ತಾ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಮ್ಯಾಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತೇನೆ.